ಫ್ರೀಜರಿಗೆ ಎರಡ ದಿನ ಸೂಟಿ

ಲ್ಯಾಬಿನ ನೌಕರಿ ಅಂದ್ರ ಬಿಳಿ ಕೋಟ್ ಹಾಕ್ಕೊಂಡು ಟೆಸ್ಟ್‌ಟ್ಯೂಬ್ ಬೆಳಕಿಗೆ ಹಿಡದು ನೋಡೂದು ಅಂತ ತಿಳಕೊಂಡು ಬಂದಿದ್ರ, ಮೊದಲ ಒಂದು ಬಕೀಟು, ಒಂದು ಬ್ರಷ್ ತಗೊಂಡು ಬರ್ರಿ. ಮೂವತ್ತು ವರ್ಷದಾಗ ನಾ ಹೆಚ್ಚಿಗಿ ಮಾಡಿದ್ದು ತೊಳ್ಯೂದು. ಬಾಟ್ಲಿ ತೊಳದ್ನಿ, ಟ್ಯೂಬ್ ತೊಳದ್ನಿ, ತೊಳದದ್ದನ್ನ ಮತ್ತ ಡಿಸ್ಟಿಲ್ ನೀರಿನ್ಯಾಗ ತೊಳದ್ನಿ. ಸಂಜಿಕ ಮನಿಗೆ ಹೋದ್ರ ಅಲ್ಲೂ ಭಾಂಡೆ ಕಾಯ್ತಿದ್ವು. ಮನ್ಯಾಗ ಒಂದ ಸಲ ತೊಳದ್ರ ಸಾಕಿತ್ತು, ಅಷ್ಟ ಫರಕ.

ಈಗ ಹೊಸದಾಗಿ ಲ್ಯಾಬಿಗೆ ಸೇರಾಕತ್ತಿರೋ ನಿಮ್ಮ ಸಲುವಾಗಿ ಇದನ್ನ ಬರ್ಯಾಕತ್ತೇನಿ. ನನಗ ಬಡ್ತಿ ಯಾವಾಗ ಸಿಕ್ತು, ಪಗಾರ ಎಷ್ಟಾತು ಅನ್ನೂದು ನಿಮಗ ಬ್ಯಾಡ, ನನಗೂ ಬರೋಬ್ಬರಿ ನೆಪ್ಪಿಲ್ಲ. ಮಾಡಿದ ತಪ್ಪು ಮಾತ್ರ ಒಂದೂ ಮರತಿಲ್ಲ. ನನ್ನ ಹೆಸರು ಪದ್ಮಾವತಿ. ತವರಮನಿ ಮೂಡಲಗಿ, ಗಂಡನ ಮನಿ ಹುಕ್ಕೇರಿ, ನೌಕರಿ ಗೋಕಾಕದಾಗ, ಒಂದು ಕಾಲೇಜಿನ ಎರಡ ಖೋಲಿ ಸಂಶೋಧನಾ ಲ್ಯಾಬಿನ್ಯಾಗ. ದಿನಾ ಮುಂಜಾನಿ ಹುಕ್ಕೇರ್ಯಾಗ ಬಸ್ ಹತ್ತಿ, ಘಟಪ್ರಭಾದ ಮ್ಯಾಲಿಂದ ಗೋಕಾಕ ಮುಟ್ಟೂದ್ರಾಗ ಸೀರಿ ನಿರಿಗಿ ಎಲ್ಲಾ ಮುದ್ದಿ ಆಗಿರ್ತಿತ್ತು. ಅದರ ಮ್ಯಾಲ ಬಿಳಿ ಕೋಟ್ ಹಾಕ್ಕೊಂಡ್ರ ಯಾರಿಗೂ ಕಾಣ್ತಿದ್ದಿಲ್ಲ, ಆ ಕೋಟಿನ ದೊಡ್ಡ ಉಪಯೋಗ ಅದs.

ನಾ ಸೇರಿದಾಗ ಪಿಪೆಟ್ ಅಂದ್ರ ಬಾಯಿಲೆ ಜಗ್ಗೂದು. ಮೊದಲನೇ ವಾರದಾಗs ಒಂದು ಗುಟುಕು ನುಂಗಿಬಿಟ್ನಿ. ನಮ್ಮ ಸಾಹೇಬ್ರು ಹಿರೇಮಠ ಸರ್, ಅವರ ಕಡೆ ಓಡಿ ಹೋಗಿ, "ಸರ್, ನುಂಗಿದ್ನಿ, ಉಪ್ಪುಪ್ಪು ಹತ್ತೇತ್ರಿ" ಅಂದ್ನಿ. ಸರ್ ಗಾಬರಿ ಆಗಲಿಲ್ಲ. ಬಾಟ್ಲಿ ಮ್ಯಾಲಿನ ಚೀಟಿ ಓದಿದ್ರು, ಚಷ್ಮಾ ತಗದು ಒರಿಸಿಕೊಂಡ್ರು. "ಉಪ್ಪಿನ ನೀರs ಐತಿ, ಪದ್ಮಾಬಾಯಿ. ರುಚಿ ಬರೋಬ್ಬರಿ ಹೇಳೀರಿ" ಅಂದ್ರು. ಮರುದಿನಾ ಜಗ್ಗಾಕ ರಬ್ಬರ್ ಬಲ್ಬ್ ತರಿಸಿದ್ರು. ಮುಂದ ಹೆಬ್ಬಟ್ಟಿಲೆ ಒತ್ತಿ ಬಿಡೂ ಪಿಪೆಟ್ ಬಂದ್ವು. ಸೂಜಿ ಮೊನಿ ಮ್ಯಾಲ ನಿಲ್ಲೂವಷ್ಟ ನೀರು ಎತ್ತತಿದ್ವು ಅವು. ಅಷ್ಟ ನೀರಿನಿಂದ ಏನ ಕೆಲಸಾ ಆಗತೈತಿ ಅಂತ ನಾ ನಗತಿದ್ನಿ. ಶೈಲಾ ಬಂದ ಮ್ಯಾಲ ನಗೂದು ಬಿಟ್ನಿ.

ಶೈಲಾ ಕೌಜಲಗಿ ಹುಡುಗಿ, ಒಕ್ಕಲತನದ ಮನ್ಯಾಕಿ. ಹಿರೇಮಠ ಸರ್ ಕೈಯಾಗ ಪಿಎಚ್.ಡಿ. ಮಾಡಾಕ ಬಂದಿದ್ಳು. ಅವರ ಕಡೆ ಹೊಲದಾಗ ಕುಡಗೋಲು ತಾಗಿ ರಕ್ತ ಬಂದ್ರ ಬದುವಿನ ಮ್ಯಾಲಿನ ಒಂದು ಸಣ್ಣ ಗಿಡದ ಎಲಿ ತಿಕ್ಕಿ ರಸ ಹಿಂಡ್ತಾರ. ಗಾಯ ಲಗೂನ ಮಾಯತೈತಿ ಅಂತ ಎಲ್ಲಾರೂ ಹೇಳ್ತಾರ. ಅದು ಖರೆನೋ ಸುಳ್ಳೋ ನೋಡೂದು ಆಕಿ ಕೆಲಸಾ. ಎಲಿ ತರಾವರು ಆಕಿ ಅಪ್ಪಾರು. ತಿಂಗಳಿಗೊಮ್ಮೆ ಒಂದ ಗೋಣಿಚೀಲ ತುಂಬ ಎಲಿ ಹೊತ್ಗೊಂಡು ಬಸ್ಸಿನ್ಯಾಗ ಬರ್ತಿದ್ರು. ನಮಗ ಬೇಕಾಗಿದ್ದು ಒಂದ ಮುಷ್ಟಿ. "ಇರ್ಲಿ ಬಿಡ್ರಿ ಅಕ್ಕಾರ, ಕಡಿಮಿ ಬೀಳಬಾರದು" ಅಂತಿದ್ರು. ಉಳದದ್ದನ್ನ ಕಾಲೇಜಿನ ಹಿಂದಿನ ಆಕಳಿಗೆ ಹಾಕಿದ್ರ ಅದು ಮೂಸಿ ನೋಡಿ ಮಾರಿ ತಿರುವತಿತ್ತು.

ಎಲಿ ರಸಾ ಚರ್ಮದ ಕೋಶಗೋಳ ಮ್ಯಾಲ ಹಾಕಿ, ಅವು ಎಷ್ಟು ಬೆಳೀತಾವ ಅಂತ ಎಣಸೂದು. ಆದ್ರ ಅಳ್ಯಾಕ ಒಂದು ಮಾಪ ಬೇಕಲ್ಲ? ಆ ಮಾಪ ಅಂದ್ರ ಮನುಷ್ಯಾರ ಮೈಯಾಗಿನ ಒಂದು ಪ್ರೋಟೀನು, ಫೈಬ್ರೊಬ್ಲಾಸ್ಟ್ ಗ್ರೋತ್ ಫ್ಯಾಕ್ಟರ್ ಅಂತ. ಗಾಯ ಆದಾಗ ಬಾಜೂಕಿನ ಕೋಶಗಳಿಗೆ "ಏಳ್ರಿ, ಬೆಳೀರಿ" ಅಂತ ನಿರೋಪ ಮುಟ್ಟಸೂದು ಅದರ ಉದ್ಯೋಗ. ಈ ಪ್ರೋಟೀನ್ ಹಾಕಿದ ಕಡೆ ಕೋಶ ಬೆಳೀಲೇಬೇಕು. ಅದರ ಬಾಜೂಕ ಎಲಿ ರಸ ಹಾಕಿದ್ದು ಎಷ್ಟು ಬೆಳದೈತಿ ನೋಡಿದ್ರ ಎಲಿ ತಾಕತ್ತು ಗೊತ್ತಾಗತೈತಿ. ಪ್ರೋಟೀನ್ ಹಾಕಿದ್ದs ಬೆಳೀಲಿಲ್ಲ ಅಂದ್ರ ಇಡೀ ಪ್ರಯೋಗ ಮಣ್ಣುಗೂಡತೈತಿ. ಇಷ್ಟು ನೆಪ್ಪಿಡ್ರಿ, ನನ್ನ ಕಥಿಗೆ ಇಷ್ಟs ವಿಜ್ಞಾನ ಸಾಕು.

ಆ ಪ್ರೋಟೀನಿನ ಪಾರ್ಸಲ್ ಬೆಳಗಾವಿತನಕ ಬಂತು. ಅಲ್ಲಿಂದ ತರಾಕ ನನ್ನ ಕಳಿಸಿದ್ರು. ಥರ್ಮಾಕೋಲ್ ಡಬ್ಬಿ, ಒಳಗ ಒಣಾ ಬರ್ಫು. ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನ್ಯಾಗ ಕೂತೇನಿ, ಮುಚ್ಚಳ ಸಂದಿಂದ ಬಿಳಿ ಹೊಗಿ ಬರಾಕ ಚಾಲೂ ಆತು. ಕಂಡಕ್ಟರ್ ಬಂದ್ರು.

"ಬಾಯಾರ, ಡಬ್ಬಿ ಹೊಗಿ ಬಿಡಾಕತ್ತೇತ್ರಿ. ಏನೈತಿ ಒಳಗ?"

"ಬರ್ಫ್ ಐತ್ರಿ."

"ಬರ್ಫ್ ಹೊಗಿ ಬಿಡತೈತೇನ್ರಿ?"

"ಇದು ಒಣಾ ಬರ್ಫ್ರಿ."

"ಬರ್ಫ್ ಒಣಾ ಹೆಂಗ ಇರತೈತ್ರಿ?" ಅಂತ ಅವರು ನನ್ನ ಮಾರಿ ನೋಡಿದ್ರು. ಬಾಜೂ ಕೂತಿದ್ದ ಇಬ್ರು ಎದ್ದು ಹಿಂದ ಹೋದ್ರು. ಅಂಥಾ ಗದ್ದಲದ ಬಸ್ಸಿನ್ಯಾಗ ಮೂರ ಮಂದಿ ಸೀಟಿನ ಮ್ಯಾಲ ನಾ ಮತ್ತ ಡಬ್ಬಿ ಇಬ್ಬರs ಗೋಕಾಕದತನಕ ಆರಾಮ ಬಂದ್ವಿ.

ಲ್ಯಾಬಿನ್ಯಾಗ ತಗದು ನೋಡಿದ್ರ ಹೆಬ್ಬಟ್ಟಿನಷ್ಟ ಬಾಟ್ಲಿ, ಒಳಗ ಏನೂ ಇಲ್ಲ. "ಸರ್, ಖಾಲಿ ಬಾಟ್ಲಿ ಕಳಿಸ್ಯಾರ" ಅಂದ್ನಿ. ಸರ್ ನಕ್ರು. ಒಳಗಿದ್ದದ್ದು ಉಪ್ಪಿನ ಒಂದು ಕಾಳಿಗಿಂತ ಹಗರಂತ, ಗಾಜಿಗೆ ಅಂಟಕೊಂಡಿರತೈತಂತ, ಕಣ್ಣಿಗೆ ಕಾಣೂದಿಲ್ಲಂತ. ಶೈಲಾ ಉಸರು ಬಿಗಿ ಹಿಡದು ಅದನ್ನ ಕರಗಿಸಿ, ಹನಿ ಹನಿ ಹನ್ನೆರಡು ಸಣ್ಣ ಟ್ಯೂಬಿಗೆ ಹಂಚಿದ್ಳು. ಒಂದ ಪ್ರಯೋಗಕ್ಕ ಎರಡು ಟ್ಯೂಬು. ಅದರ ಸಲುವಾಗಿನs ಆ ವರ್ಷ ಒಂದು ಹೊಸಾ ಫ್ರೀಜರ್ ಬಂದಿತ್ತು. ಅದರಾಗ ಇದ್ದದ್ದು ಶೈಲಾನ ಡಬ್ಬಿ ಒಂದು, ಬರ್ಫಿನ ಚೀಲ ನಾಕು.

ಮನ್ಯಾಗ ಇದನ್ನ ಹೇಳಿದ್ದs ತಪ್ಪಾತು. ನಮ್ಮ ಅತ್ತಿಯವ್ರು ಕಟ್ಟಾ ಜೈನರು, ಹೊತ್ತು ಮುಣಗಿದ ಮ್ಯಾಲ ನೀರೂ ಮುಟ್ಟೂದಿಲ್ಲ. "ಮನುಷ್ಯಾರದ್ದು ಅಂತೀ, ಯಾವ ಮನುಷ್ಯಾಂದು? ಪಾಪ, ಅವಗ ಕೇಳಿ ತಗದಾರೇನು?" ಅಂದ್ರು. ನಾ ಸರ್ ಹೇಳಿಕೊಟ್ಟದ್ದನ್ನ ಒಪ್ಪಿಸಿದ್ನಿ. ಮಾಡೂ ವಿಧಾನ ಅಷ್ಟ ಮನುಷ್ಯಾರ ಮೈಯಾಗಿಂದು, ಅಡಗಿ ಮಾಡೂದು ಬ್ಯಾಕ್ಟೀರಿಯಾ, ಯಾವ ಮನುಷ್ಯಾಗೂ ಸೂಜಿ ಚುಚ್ಚಿಲ್ಲ ಅಂತ. ಅತ್ತಿಯವ್ರು ಜಪಮಾಲಿ ಕೆಳಗಿಟ್ರು. "ಅಡಗಿ ಆದ ಮ್ಯಾಲ ಆ ಬ್ಯಾಕ್ಟೀರಿಯಾ ಏನಾಗತಾವು?" ಅಂದ್ರು. ಆ ತಿಂಗಳ ಅವರು ನನ್ನ ಪರವಾಗಿ ಒಂದು ಉಪವಾಸ ಹೆಚ್ಚಿಗಿ ಮಾಡಿದ್ರು.

ಶೈಲಾ ಮೂರ ಸಲ ಪ್ರಯೋಗ ಮಾಡಿದ್ಳು, ಮೂರೂ ಸಲ ಪ್ರೋಟೀನ್ ಹಾಕಿದ ಕೋಶ ಭರ್ಜರಿ ಬೆಳದ್ವು. ಎಲಿ ರಸ ಹಾಕಿದ್ದೂ ಅದರ ಬೆನ್ನಿಗೇ ಇತ್ತು. ಕಡೀ ಸಲ ಒಂದು ದೊಡ್ಡ ಪ್ರಯೋಗ, ಅದಾದ ಮ್ಯಾಲ ಪ್ರಬಂಧ ಒಪ್ಪಸೂದು. ಒಪ್ಪಸಾಕ ವಿಶ್ವವಿದ್ಯಾಲಯ ಕೊಟ್ಟ ವ್ಯಾಳ್ಯಾ ಆ ವರ್ಷದ ಕಡೀತನಕ ಇತ್ತು, ಮುಂದ ಒಂದ ದಿನಾನೂ ಇಲ್ಲ. ಆ ಪ್ರಯೋಗಕ್ಕಂತ ಉಳಿದ ಆರೂ ಟ್ಯೂಬ್ ಫ್ರೀಜರಿನ್ಯಾಗ ಕಾಯ್ದಿಟ್ಟಿದ್ಳು.

ನಡುವ ಬಂತು ಖಂಡಿಪೂಜಿ.

ಮಹಾನವಮಿ ದಿನಾ ನಮ್ಮ ಕಡೆ ದುಡ್ಯೂ ಸಾಮಾನಿಗೆಲ್ಲಾ ಪೂಜಿ. ನಮ್ಮಪ್ಪಂದು ಮೂಡಲಗ್ಯಾಗ ಹಿಟ್ಟಿನ ಗಿರಣಿ. ಆ ದಿನಾ ಗಿರಣಿ ತೊಳದು, ಪಟ್ಟಾ ಬಿಚ್ಚಿ, ಕುಂಕುಮ ಹಚ್ಚಿ, ಚೆಂಡ ಹೂವಿನ ಮಾಲಿ ಹಾಕಿದ್ರ ಮುಗೀತು, ಮರುದಿನಾ ಬನ್ನಿ ಆಗೂತನಕ ಯಾರ ಜ್ವಾಳಾ ತಂದ್ರೂ ಅಪ್ಪ ಗಿರಣಿ ಚಾಲೂ ಮಾಡ್ತಿದ್ದಿಲ್ಲ. "ವರ್ಷಾನಗಟ್ಲೆ ದುಡೀತೈತಿ, ಎರಡ ದಿನಾ ಕುಂದ್ರಲಿ" ಅಂತಿದ್ದ. ನಾ ಅದನ್ನ ನೋಡಿ ಬೆಳದಾಕಿ. ಲ್ಯಾಬಿನ ಪೂಜಿ ಪ್ರತಿ ವರ್ಷ ನಂದs. ಆ ಮುಂಜಾನಿ ಒಬ್ಬಾಕಿನs ಬಂದು ಎಲ್ಲಾ ಮಶೀನು ಒರಿಸಿ, ಸ್ವಿಚ್ ಬಂದ್ ಮಾಡಿ, ಕುಂಕುಮ ಹಚ್ಚಿದ್ನಿ. ಕೋಶ ಬೆಳಸೂ ಪೆಟ್ಟಿಗಿ ಮ್ಯಾಲ ಶೈಲಾ ಚೀಟಿ ಅಂಟಿಸಿದ್ಳು, "ಬಂದ್ ಮಾಡಬ್ಯಾಡ್ರಿ" ಅಂತ. ಮಾಡಲಿಲ್ಲ. ಫ್ರೀಜರಿಗೆ ಅಂಟಿಸಿದ್ದಿಲ್ಲ. ಅದನ್ನ ಯಾರರ ಬಂದ್ ಮಾಡ್ತಾರಂತ ಆಕಿಗೆ ಕನಸಿನ್ಯಾಗೂ ಬಂದಿದ್ದಿಲ್ಲ. ನಾ ಬಂದ್ ಮಾಡಿದ್ನಿ. ಹೊಸಾದು, ಬಂದಾಗಿಂದ ಒಂದ ಗಳಿಗಿ ನಿಂತಿಲ್ಲ, ಬಾಗಲಾ ಮುಚ್ಚಿದ್ರ ತಂಪು ಒಳಗs ಇರತೈತಿ ಅಂತ ನನ್ನ ಲೆಕ್ಕಾ. ಕಾಯಿ ಒಡದು, ಊದಿನಕಡ್ಡಿ ಬೆಳಗಿ, ಮಸಗುಪ್ಪಿಗೆ ಅಕ್ಕನ ಮನಿಗೆ ಬನ್ನಿ ಕೊಡಾಕ ಹೋದ್ನಿ.

ಏಕಾದಶಿ ಮುಂಜಾನಿ ಎಲ್ಲಾರಕಿಂತ ಮೊದಲ ಬಂದ್ನಿ. ಫ್ರೀಜರ್ ಕೆಳಗ ನೀರು ಹರದಿತ್ತು, ಮ್ಯಾಲಿನ ಕುಂಕುಮ ಅದರಾಗ ತೊಯ್ದು ಕೆಂಪಗ ನಿಂತಿತ್ತು. ಬಾಗಲಾ ತಗದ್ರ ಒಳಗ ನಮ್ಮ ಅಡಗಿಮನಿಯಷ್ಟ ಕಾವು. ಸ್ವಿಚ್ ಹಾಕಿದ್ನಿ, ನೀರು ಒರಿಸಿದ್ನಿ, ರಜಿಸ್ಟರ್ ತಗದ್ನಿ. ದಿನಾ ಫ್ರೀಜರಿನ ಕಾವು ನೋಡಿ ಬರ್ಯೂದು ನನ್ನ ಕೆಲಸಾ. ಸೂಟಿ ದಿನದ ಸಾಲು ತಿರಗಿ ಬಂದ ಮ್ಯಾಲ ಒಮ್ಮೆಲೆ ತುಂಬೂದು ನನ್ನ ಹಳೇ ಚಟ. ನವಮಿ ಮುಂದ ಮೈನಸ್ ಇಪ್ಪತ್ತು, ದಶಮಿ ಮುಂದ ಮೈನಸ್ ಇಪ್ಪತ್ತು ಅಂತ ಬರದ್ನಿ. ಅವತ್ತಿಂದು ಸಂಜಿಕ ತಂಪಾದ ಮ್ಯಾಲ ಬರದ್ರಾತು ಅಂತ ಬಿಟ್ನಿ. ಸರ್ ಬರೂದ್ರಾಗ ಫ್ರೀಜರ್ ಗುರ್ ಅನ್ನಾಕತ್ತಿತ್ತು. ಸರ್ ನನ್ನ ಕೈಯಾಗ ಬನ್ನಿ ಎಲಿ ಇಟ್ಟು, "ಬಂಗಾರದಂಗ ಇರೋಣ, ಪದ್ಮಾಬಾಯಿ" ಅಂದ್ರು. "ಇರೋಣ್ರಿ ಸರ್" ಅಂದ್ನಿ.

ಹದಿನೈದು ದಿನದ ಮ್ಯಾಲ ಶೈಲಾನ ದೊಡ್ಡ ಪ್ರಯೋಗ ಆತು. ಆರೂ ಟ್ಯೂಬಿನಿಂದ ಸ್ವಲ್ಪ ಸ್ವಲ್ಪ ತಗದು ಹಾಕಿದ್ಳು. ಪ್ರೋಟೀನ್ ಹಾಕಿದ ಕೋಶ ಒಂದಿಂಚೂ ಬೆಳೀಲಿಲ್ಲ. ಮತ್ತೊಮ್ಮೆ ಮಾಡಿದ್ಳು, ಬೆಳೀಲಿಲ್ಲ. ಹಿರೇಮಠ ಸರ್ ಮೊದಲ ರಜಿಸ್ಟರ್ ಕೇಳಿದ್ರು. ನಾ ತಂದು ಕೊಟ್ನಿ. ಅವರ ಬೊಟ್ಟು ಒಂದೊಂದ ಸಾಲಿನ ಮ್ಯಾಲ ಇಳೀತು, ದಸರಾದ ಕಡೆ ನಿಲ್ಲಲೇ ಇಲ್ಲ. ರಜಿಸ್ಟರ್ ಮುಚ್ಚಿ ಶೈಲಾನ ಮಾರಿ ನೋಡಿದ್ರು.

"ಫ್ರೀಜರ್ ಬರೋಬ್ಬರಿ ಐತಿ. ಪ್ರೋಟೀನ್ ಬರೋಬ್ಬರಿ ಐತಿ. ಕೋಶ ಅವs ಅದಾವು. ಈಗ ಬೆಳೀವಲ್ವು ಅಂದ್ರ, ಹಿಂದ ಮೂರ ಸಲ ಬೆಳದದ್ದು ಹೆಂಗ?"

"ಬೆಳದಿದ್ವು ಸರ್. ಎಣಿಸಿ ಬರದೇನ್ರಿ."

"ಬರದದ್ದು ನೋಡೇನಿ. ಎಣಿಸಿದ್ದು ನೋಡಿಲ್ಲಲ್ಲ" ಅಂದ್ರು ಸರ್. "ನಿನ್ನ ಹಳೇ ನೋಟ್‌ಬುಕ್ ಎಲ್ಲಾ ನಾಳೆ ನನ್ನ ಟೇಬಲ್ ಮ್ಯಾಲ ಇಡು."

ಶೈಲಾ ಅಳಲಿಲ್ಲ. ಸಿಂಕಿನ ಕಡೆ ಬಂದು ನನ್ನ ಬಾಜೂಕ ನಿಂತು, ಆಗಲೇ ತೊಳದಿದ್ದ ಬಾಟ್ಲಿ ತಗೊಂಡು ಮತ್ತ ತೊಳ್ಯಾಕತ್ತಿದ್ಳು. "ಅಕ್ಕಾರ, ನಾ ಸುಳ್ಳ ಬರದಿಲ್ರಿ" ಅಂದ್ಳು. "ಸರ್ ಹಂಗ ತಿಳಕೊಂಡ್ರ ನನಗ ಈ ಡಿಗ್ರಿನs ಬ್ಯಾಡ. ಅಪ್ಪಗ ಏನರ ಒಂದು ಹೇಳಿ ಊರಿಗೆ ಹೋಗತೇನಿ."

ಸುಳ್ಳ ಬರದಾಕಿ ಮುಂದ ನಿಂತು ಈ ಮಾತು ಹೇಳಿದ್ಳು ಆ ಹುಡುಗಿ. ನನಗ ಅಷ್ಟು ನಾಚಿಕಿ ಹಿಂದ ಎಂದೂ ಆಗಿದ್ದಿಲ್ಲ, ಮುಂದೂ ಆಗಲಿಲ್ಲ. ಆದ್ರೂ ಅವತ್ತು ಬಾಯಿ ಬಿಡಲಿಲ್ಲ. ನೌಕರಿ ಹೋದ್ರ ಹೆಂಗ ಅನ್ನೂ ಅಂಜಿಕಿ ಇತ್ತು, ಅದಕ್ಕಿಂತ ಹೆಚ್ಚಿಗಿ ನಗಿಪಾಟಲ ಆಗತೈತಿ ಅನ್ನೂ ಅಂಜಿಕಿ ಇತ್ತು. ಫ್ರೀಜರಿಗೆ ಸೂಟಿ ಕೊಟ್ಟಾಕಿ ಅಂತ ಇಡೀ ಕಾಲೇಜು ನಗತೈತಲ್ಲ.

ಮರುದಿನಾ ಬಸ್ಸಿನ್ಯಾಗ ಕೂತು ಮಾತು ಜೋಡಿಸಿಕೊಳ್ಳಾಕತ್ನಿ. ನೋಡ್ರಿ ತಮಾಷಿ. ದಸರಾದ ಮುಂಚೆ, ಭಾದ್ರಪದದಾಗ, ನಮ್ಮವರಾಗ ಕ್ಷಮಾವಣಿ ಬರತೈತಿ. ಆ ದಿನಾ ಬಸದ್ಯಾಗ ನಿಂತು, ಬಂದವರಿಗೆಲ್ಲಾ ಕೈ ಮುಗದು, "ತಿಳದೋ ತಿಳೀದನೋ ಏನರ ತಪ್ಪು ಮಾಡಿದ್ರ ಕ್ಷಮಾ ಮಾಡ್ರಿ" ಅಂತ ನೂರಾರು ಮಂದಿಗೆ ಹೇಳಿದ್ನಿ, ಒಮ್ಮೆಯೂ ನಾಲಿಗಿ ತಡವರಿಸಿದ್ದಿಲ್ಲ. ಏನೂ ತಪ್ಪು ಮಾಡದವರ ಮುಂದ ಕ್ಷಮಾ ಕೇಳೂದು ಭಾಳ ಸರಳ. ಈಗ ಒಬ್ಬಾಕಿ ಮುಂದ, ಒಂದ ತಪ್ಪಿಗೆ ಕೇಳಬೇಕು, ಮೊದಲನೇ ಶಬ್ದನs ಸಿಗವಲ್ದು. ಧುಪದಾಳ ಬರೂತನಕ ಮಾತು ಬರೋಬ್ಬರಿ ಜೋಡಿಸಿದ್ನಿ. ಗೋಕಾಕ ಬರೂದ್ರಾಗ ಎಲ್ಲಾ ಮರತು ಹೋತು.

ಸರ್ ಖೋಲ್ಯಾಗ ಶೈಲಾ ನೋಟ್‌ಬುಕ್ಕಿನ ಗಂಟು ಇಡಾಕತ್ತಿದ್ಳು. ನಾ ರಜಿಸ್ಟರ್ ತಗೊಂಡು ಒಳಗ ಹೋಗಿ, ಅದರ ಮ್ಯಾಲ ಇಟ್ನಿ.

"ಸರ್, ಇದರಾಗ ಎರಡು ಸಾಲು ಸುಳ್ಳದಾವ್ರಿ. ಖಂಡಿಪೂಜಿಗೆ ನಾನs ಫ್ರೀಜರ್ ಬಂದ್ ಮಾಡಿದ್ನಿ. ಎರಡ ದಿನಾ ಬಂದ್ ಇತ್ರಿ. ಶೈಲಾಂದು ಏನೂ ತಪ್ಪಿಲ್ಲ."

ಸರ್ ಚಷ್ಮಾ ತಗದ್ರು. ಒರಿಸಿದ್ರು, ಭಾಳ ಹೊತ್ತು ಒರಿಸಿದ್ರು. "ಬಂದ್ ಮಾಡಿದ್ದು ಎಷ್ಟು ಗಂಟೆಕ್ಕ?" ಅಂದ್ರು.

"ಮುಂಜಾನಿ ಎಂಟಕ್ರಿ."

"ಚಾಲೂ ಮಾಡಿದ್ದು?"

"ಏಕಾದಶಿ ಎಂಟಕ್ರಿ."

"ಬಂದ್ ಮಾಡಿದ್ದಕ್ಕ ನನಗ ಸಿಟ್ಟಿಲ್ಲ, ಪದ್ಮಾಬಾಯಿ. ಪೂಜಿಗೆ ನಾನೂ ಪ್ರತಿ ವರ್ಷ ಕಾಯಿ ಕೊಡತೇನಿ, ಫ್ರೀಜರ್ ಬಿಟ್ಟು ಮಾಡ್ರಿ ಅಂತ ಹೇಳಾಕ ನನಗೂ ತಿಳೀಲಿಲ್ಲ. ಆದ್ರ ನೀವು ಬರದ ಎರಡು ಅಂಕಿ ನಂಬಿ, ನಿನ್ನೆ ನಾ ಈ ಹುಡುಗಿಗೆ ಕಳ್ಳಿ ಅನ್ನೂದೊಂದು ಬಾಕಿ ಇಟ್ಟಿದ್ನಿ." ಆಮ್ಯಾಲ ಶೈಲಾನ ಕಡೆ ತಿರಗಿ, "ಶೈಲಾ, ನಂದು ತಪ್ಪಾತು" ಅಂದ್ರು. ಗೈಡ್ ಆದವರು ವಿದ್ಯಾರ್ಥಿಗೆ ಹಂಗ ಹೇಳಿದ್ದು ನಾ ಅದೊಂದ ಸಲ ಕಂಡೇನಿ. ಹಳೇ ಅಂಕಿ ಅಳಸಬಾರದು, ಒಂದ ಗೀಟು ಎಳದು ಬಾಜೂಕ ಖರೆ ಏನಾತು ಬರದು ಸಹಿ ಮಾಡ್ರಿ ಅಂದ್ರು. ನಾ ಕನ್ನಡದಾಗs ಬರದ್ನಿ. ಅಕ್ಷರ ಸೊಟ್ಟ ಆದ್ವು.

ಶೈಲಾ ನನ್ನ ಕೂಡ ಎಂಟ ದಿನಾ ಮಾತಾಡಲಿಲ್ಲ. ಬಾಜೂಕ ನಿಂತು ಕೆಲಸಾ ಮಾಡ್ತಿದ್ಳು, ಬೇಕಾದ ಬಾಟ್ಲಿ ತಾನs ತಗೋತಿದ್ಳು. ನಾ ಅದಕ್ಕ ಲಾಯಕ್ ಇದ್ನಿ. ಒಂಬತ್ತನೇ ದಿನಾ ಬಂದು, "ಅಕ್ಕಾರ, ಪುಣೆದಾಗ ಸರ್ ಗೆಳ್ಯಾರು ಸ್ವಲ್ಪ ಪ್ರೋಟೀನ್ ಕೊಡತಾರಂತ. ತರಾಕ ನೀವು ಹೋಗತೀರೇನ್ರಿ?" ಅಂತ ಕೇಳಿದ್ಳು. ಹೋಗತೇನಿ ಅನ್ನಾಕ ನಾ ಉಸರೂ ತಗೊಳ್ಳಲಿಲ್ಲ. ಎರಡ ಡಬ್ಬಿ ಕರದಂಟು ಕಟ್ಟಿಸಿಕೊಂಡು ಘಟಪ್ರಭಾದಾಗ ರೈಲು ಹತ್ತಿದ್ನಿ. ತಿರಗಿ ಬರೂವಾಗ ಬರ್ಫು ತುಂಬಿದ ಥರ್ಮಾಸ್ ತೊಡಿ ಮ್ಯಾಲ, ಅದರಾಗ ಪ್ರೋಟೀನು. ಮಿರಜದಾಗ ಒಬ್ರು ಅಜ್ಜಾರು ಬಾಜೂ ಕೂತು, ಥರ್ಮಾಸ್ ನೋಡಿ ನೋಡಿ, "ಬಾಯಿ, ಒಂದ ಕಪ್ ಚಾ ಸಿಗತೈತೇನು?" ಅಂತ ಕೇಳಿದ್ರು. ಇದರಾಗ ಮನುಷ್ಯಾರ ಪ್ರೋಟೀನ್ ಐತ್ರಿ ಅಂದ್ನಿ. ಅವರು ತಮ್ಮ ಬುತ್ತಿ ಗಂಟು ಎತ್ತಿ ಆ ಕಡೆ ಇಟ್ಕೊಂಡ್ರು.

ಈ ಸಲ ಶೈಲಾ ಒಂದು ಜಾಣತನ ಮಾಡಿದ್ಳು. ಹೊಸಾ ಪ್ರೋಟೀನಿನ ಬಾಜೂಕ ನಾ ಕೆಡಿಸಿದ ಹಳೇದನ್ನೂ ಹಾಕಿದ್ಳು. ಟ್ಯೂಬಿನ್ಯಾಗ ಅದು ಇನ್ನೂ ಅರ್ಧ ಉಳದಿತ್ತು. ಹೊಸಾದು ಹಾಕಿದ ಕೋಶ ಬೆಳದ್ವು, ಎಲಿ ರಸ ಹಾಕಿದ್ದೂ ಬೆಳದ್ವು, ಹಳೇದು ಹಾಕಿದ್ದು ಹಂಗs ಇದ್ವು. ಕೋಶ ಬೆಳಸಿದ್ದು ಪ್ರೋಟೀನಿನ ತಾಕತ್ತs ಹೊರತು ಅದರ ಕೂಡ ಹಾಕಿದ ನೀರು, ಉಪ್ಪು ಅಲ್ಲ ಅಂತ ಆ ಒಂದ ಸಾಲಿನ್ಯಾಗ ಸಿದ್ಧ ಆತು. ಪ್ರಬಂಧ ವ್ಯಾಳ್ಯಾದಾಗ ಒಪ್ಪಿಸಿದ್ಳು, ಹಳೇ ಪ್ರೋಟೀನಿನ ಮುಂದ "ಎರಡ ದಿನಾ ತಂಪಿಲ್ಲದ ಇಟ್ಟದ್ದು" ಅಂತ ಅಷ್ಟs ಬರದಿದ್ಳು.

ಮೌಖಿಕ ಪರೀಕ್ಷಾಕ್ಕ ಹೊರಗಿಂದ ಬಂದವರು ಒಬ್ರು ಮರಾಠಿ ಪ್ರೊಫೆಸರು. ನಾ ಹಿಂದಿನ ಬಾಕಿನ ಮ್ಯಾಲ ಶೈಲಾನ ಅಪ್ಪಾರ ಬಾಜೂಕ ಕೂತಿದ್ನಿ. ಎಲ್ಲಾ ಚಲೋ ನಡದಿತ್ತು. ಪ್ರೊಫೆಸರು ಹಾಳಿ ತಿರುವುತ್ತಾ, ಕೆಟ್ಟ ಪ್ರೋಟೀನಿನ ಸಾಲಿನ ಮ್ಯಾಲ ಬೊಟ್ಟಿಟ್ಟು, ಇದು ಭಾಳ ಚಲೋ ಮಾಡೀರಿ ಅಂದ್ರು. ಆಮ್ಯಾಲ ಕೇಳಿದ್ರು, "ಆದ್ರ ತಂಪಿಲ್ಲದ ಬರೋಬ್ಬರಿ ಎರಡ ದಿನಾ ಇಟ್ಟೀರಿ. ಒಂದ ದಿನಾ ಯಾಕಲ್ಲ, ಮೂರು ಯಾಕಲ್ಲ? ಎರಡs ಯಾಕ?"

ಶೈಲಾ ಸರ್ ಮಾರಿ ನೋಡಿದ್ಳು. ಸರ್ ಚಷ್ಮಾ ತಗದ್ರು. ಏನರ ಒಂದು ಶಾಸ್ತ್ರ ಹೇಳಿ ದಾಟಬಹುದಿತ್ತು, ಆಕಿ ಹೇಳಲಿಲ್ಲ, ನನ್ನ ಹೆಸರೂ ಹೇಳಲಿಲ್ಲ, ಸುಮ್ನ ನಿಂತ್ಳು. ಆಕಿ ಹಂಗ ನಿಂತದ್ದು ನನ್ನ ಸಲುವಾಗಿ ಅಂತ ತಿಳದ ಮ್ಯಾಲ ನಾ ಎದ್ದು ನಿಂತ್ನಿ.

"ಸರ್, ನವಮಿ ಒಂದು, ದಶಮಿ ಒಂದ್ರಿ."

ಎಲ್ಲಾರೂ ಹಿಂದ ತಿರಗಿ ನೋಡಿದ್ರು. ನಾ ಮರಾಠ್ಯಾಗ ಮೊದಲಿಂದ ಕಡೀತನಕ ಹೇಳಿದ್ನಿ, ಗಿರಣಿ ಪಟ್ಟಾದಿಂದ ಹಿಡದು. ಹೇಳೂವಾಗs ಅಂಜಿಕಿ ಇತ್ತು, ಈ ಹುಡುಗಿ ಬದುಕು ಎರಡನೇ ಸಲ ಕೆಡಿಸಿಬಿಟ್ನೇನೋ ಅಂತ. ಪ್ರೊಫೆಸರು ನಗಲಿಲ್ಲ. ರಜಿಸ್ಟರ್ ತರಿಸಿದ್ರು. ಗೀಟು ಎಳದ ಎರಡು ಸಾಲು ನೋಡಿದ್ರು, ಬಾಜೂಕಿನ ಸೊಟ್ಟ ಕನ್ನಡ ನನ್ನ ಕಡೆಯಿಂದs ಓದಿಸಿ ಅರ್ಥ ಕೇಳಿದ್ರು. ಆಮ್ಯಾಲ ಶೈಲಾಗ ಹೇಳಿದ್ರು, "ಇದನ್ನ ಹಂಗs ಪ್ರಬಂಧದಾಗ ಸೇರಸ್ರಿ, ಡಾಕ್ಟರ್ ಶೈಲಾ. ಉಳದದ್ದಕ್ಕ ನನ್ನ ಒಪ್ಪಿಗಿ ಐತಿ." ಅಷ್ಟರಾಗ ಡಾಕ್ಟರ್ ಅನ್ನೂ ಒಂದ ಶಬ್ದ ತಿಳದು, ಶೈಲಾನ ಅಪ್ಪಾರು ತಲಿ ಮ್ಯಾಲಿನ ಪಟಗಾ ತಗದು ಮಾರಿ ಒರಿಸಿಕೊಂಡ್ರು.

ಆ ಪ್ರಬಂಧ ಈಗಲೂ ವಿಶ್ವವಿದ್ಯಾಲಯದ ಲೈಬ್ರರ್ಯಾಗ ಐತಿ. ರಿಟೈರ್ ಆದ ಮ್ಯಾಲ ಒಮ್ಮೆ ಹೋಗಿ ತಗಿಸಿ ನೋಡಿ ಬಂದೇನಿ. ಖಂಡಿಪೂಜಿ ನಿಮಿತ್ತ ಸಿಬ್ಬಂದಿಯೊಬ್ರು ಫ್ರೀಜರ್ ಎರಡ ದಿನಾ ಬಂದ್ ಮಾಡಿದ್ರು ಅಂತ ಇಂಗ್ಲಿಷಿನ್ಯಾಗ ಅಚ್ಚ ಆಗೇತಿ. ಮೂವತ್ತು ವರ್ಷ ನಾ ದುಡದ ಕೆಲಸದಾಗ ಅಚ್ಚಾಗಿ ಉಳದದ್ದು ಆ ಒಂದ ಸಾಲು, ಅದರಾಗ ಒಂದಕ್ಷರಾನೂ ಸುಳ್ಳಿಲ್ಲ.